ಎರಡನೆಯ ಬಿಲ್ ಪುಸ್ತಕ

ಎರಡನೆಯ ಬಿಲ್ ಪುಸ್ತಕವನ್ನು ಅಚ್ಚು ಹಾಕಿಸಲು ಹೋದವಳು ನಾನೇ. ಚನ್ನಗಿರಿ ಬಸ್ ನಿಲ್ದಾಣದ ಹಿಂದಿನ ಓಣಿಯ ಪ್ರೆಸ್ಸಿನವರು ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕೈ ನಿಲ್ಲಿಸದೆ, “ಹೆಸರು ಏನು ಹಾಕ್ಬೇಕ್ರಿ?” ಎಂದು ಕೇಳಿದರು. ನಾನು ಚೀಟಿ ಕೊಟ್ಟೆ. ಓದಿ ತಲೆಯೆತ್ತಿದರು.

“ಹೋದ್ ವರ್ಷ ಮಾಡ್ಕೊಟ್ಟಿದ್ದು ಬ್ಯಾರೆ ಹೆಸರಲ್ವಾ?”

“ಇದು ಬೇರೆಯವರದು” ಎಂದೆ.

ನೂರು ಹಾಳೆಯ ಒಂದು ಪುಸ್ತಕ, ನಕಲು ಹಾಳೆ ಸಮೇತ, ಒಂದರಿಂದ ಸಂಖ್ಯೆ. ಮುಂಗಡ ಕೊಟ್ಟು ರಶೀದಿ ಪಡೆದೆ. ಮನೆಗೆ ಬಂದು ಆ ರಶೀದಿಯನ್ನೂ ಫೈಲಿಗೆ ಸೇರಿಸಿದೆ. ಲೆಕ್ಕದ ವಿಷಯದಲ್ಲಿ ನಾನು ಅಷ್ಟು ಕಟ್ಟುನಿಟ್ಟು.

ಚೀಟಿಯಲ್ಲಿದ್ದದ್ದು ನಮ್ಮ ಮನೆಯಲ್ಲಿ ಖಾರ ಕುಟ್ಟುತ್ತಿದ್ದ ಹೆಂಗಸಿನ ಹೆಸರು. ಎಲ್ಲರೂ ಆಕೆಯನ್ನು ಬೂಬಮ್ಮ ಎನ್ನುತ್ತಿದ್ದೆವು. ನಿಜವಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಬರೆದದ್ದು ಸಾಕಾಗಿದೆ.

ಇದು ಶುರುವಾದದ್ದು ನಾಲ್ಕೈದು ವರ್ಷದ ಹಿಂದೆ, ಎಂಬತ್ತರ ದಶಕದ ನಡುವಿನಲ್ಲಿ. ನಾನು ಬಿ.ಕಾಂ. ಮುಗಿಸಿ ಬ್ಯಾಂಕಿನ ಪರೀಕ್ಷೆಗಳನ್ನು ಬರೆಯುತ್ತ ಚನ್ನಗಿರಿಯಲ್ಲಿ ಅಣ್ಣನ ಮನೆಯಲ್ಲಿದ್ದೆ. ಅಣ್ಣ ಜಗಳೂರು ತಾಲ್ಲೂಕಿನ ಸೊಕ್ಕೆಯ ಶಾಲೆಯಲ್ಲಿ ಮೇಷ್ಟ್ರು. ಅಲ್ಲೇ ಕೋಣೆ ಮಾಡಿಕೊಂಡು ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ. ಮನೆಯಲ್ಲಿ ಅತ್ತಿಗೆ, ನಾನು ಇಬ್ಬರೇ. ಅತ್ತಿಗೆಯ ಸಾರಿನ ಪುಡಿ, ಶೇಂಗಾ ಚಟ್ನಿ ಪುಡಿ, ಗುರೆಳ್ಳು ಚಟ್ನಿ ಪುಡಿ ಮೊದಲು ನೆಂಟರ ಮನೆಗಳಿಗೆ ಹೋದವು, ಆಮೇಲೆ ಪಕ್ಕದ ಅಂಗಡಿಗೆ, ಆಮೇಲೆ ಹೊನ್ನಾಳಿಗೂ ನ್ಯಾಮತಿಗೂ. ಅಣ್ಣ ಸೊಕ್ಕೆಗೆ ಮರಳುವಾಗ ಒಂದು ಚೀಲ ಹೊತ್ತುಕೊಂಡು ಹೋಗಿ ಜಗಳೂರಿನ ಅಂಗಡಿಗೆ ಇಳಿಸುತ್ತಿದ್ದ.

ಕೆಲಸವೆಲ್ಲ ಹಿತ್ತಲ ಪಡಸಾಲೆಯಲ್ಲಿ. ಒಣಮೆಣಸಿನಕಾಯಿಯ ತೊಟ್ಟು ಬಿಡಿಸಿ ಒಣಗಿಸುವುದು, ಕೊತ್ತಂಬರಿ ಬೀಜ ಹುರಿಯುವುದು ಅತ್ತಿಗೆಯ ಪಾಲು. ಗಿರಣಿಗೆ ಹಾಕಿದರೆ ಘಮ ಕೆಡುತ್ತದೆಂದು ಚಟ್ನಿ ಪುಡಿಯನ್ನು ಬೂಬಮ್ಮ ಒರಳಿನಲ್ಲೇ ಕುಟ್ಟುತ್ತಿದ್ದಳು. ತೂಗುವುದು, ಮೊಹರು ಮಾಡುವುದು ನನ್ನದು: ಪ್ಲಾಸ್ಟಿಕ್ ಚೀಲದ ಬಾಯನ್ನು ಗರಗಸದ ಬ್ಲೇಡಿನ ಮೇಲೆ ಮಡಚಿ, ಅಂಚನ್ನು ಮೇಣದ ಬತ್ತಿಯ ಉರಿಗೆ ಸೋಕಿಸಿ ಎಳೆಯಬೇಕು. ನಿಧಾನವಾದರೆ ತೂತು, ಬೇಗವಾದರೆ ಅಂಟುವುದಿಲ್ಲ.

ಲೆಕ್ಕವೂ ನನ್ನದೇ. ಮೊದಲ ಮೂರು ತಿಂಗಳು ನಾನು ತೋರಿಸಿದ ಲಾಭ ಕೈಯಲ್ಲಿ ಇರುತ್ತಲೇ ಇರಲಿಲ್ಲ. ತಿರುಗಿ ತಿರುಗಿ ಕೂಡಿದೆ, ತಪ್ಪು ಸಿಗಲಿಲ್ಲ. ಕೊನೆಗೆ ಒಂದು ದಿನ ಮೆಣಸಿನಕಾಯಿಯನ್ನು ಕೊಂಡಾಗ ಒಮ್ಮೆ, ತೊಟ್ಟು ಬಿಡಿಸಿ ಒಣಗಿಸಿದ ಮೇಲೆ ಒಮ್ಮೆ ತೂಗಿದೆ. ಕೊಂಡ ತೂಕಕ್ಕೆ ದುಡ್ಡು ಕೊಟ್ಟು, ಅಷ್ಟೇ ತೂಕದ ಪುಡಿ ಬರುತ್ತದೆಂದು ಬೆಲೆ ಕಟ್ಟಿದ್ದೆ. ಕಾಲೇಜಿನಲ್ಲಿ ತೊಟ್ಟಿನ ಪಾಠ ಇರಲಿಲ್ಲ. ಅತ್ತಿಗೆ ನಕ್ಕು, “ನನ್ ಕೇಳಿದ್ರೆ ಹೇಳ್ತಿರಲಿಲ್ವೇನೇ?” ಎಂದಳು.

ಮನೆಯ ದುಡ್ಡನ್ನೂ ವ್ಯಾಪಾರದ ದುಡ್ಡನ್ನೂ ಬೇರೆ ಮಾಡಲು ಎರಡು ಬಿಸ್ಕತ್ತಿನ ಡಬ್ಬಿ ಇಟ್ಟೆ. ಅತ್ತಿಗೆ ವ್ಯಾಪಾರದ ಡಬ್ಬಿಯಿಂದ ಹಾಲಿಗೆ ತೆಗೆದದ್ದನ್ನು ‘ಸ್ವಂತಕ್ಕೆ ತೆಗೆದದ್ದು’ ಎಂದು ಬರೆಯುತ್ತಿದ್ದೆ.

“ಹಾಲಿನೋನಿಗೆ ಎರಡು ರೂಪಾಯಿ ತಗಂಡ್ರೆ ಅದುನ್ನೂ ಬರಕಂಬ್ತೀಯೇನೇ? ನಮ್ಮನ್ಯಾಗೆ ನಾನೇ ಕಳ್ಳಿ ಆದ್ನಲ್ಲ!”

ಬೂಬಮ್ಮ ಒನಕೆ ನಿಲ್ಲಿಸಿ ಹೇಳಿದಳು: “ಬರೀಲಿ ಬಿಡ್ರಮ್ಮ. ಬರೆದಿಟ್ರೆ ನಾಳೆ ನೀವು ನನ್ ಮ್ಯಾಲೆ ಹಾಕಂಗಿಲ್ಲ.”

ಇಬ್ಬರೂ ನಕ್ಕರು. ನಾನೂ ನಕ್ಕಿರಬೇಕು.

ಮೊದಲ ಬಿಲ್ ಪುಸ್ತಕ ಮಾಡಿಸಿದ್ದು ಹೊನ್ನಾಳಿಯ ಕಿರಾಣಿ ಅಂಗಡಿಯವರ ಒತ್ತಾಯಕ್ಕೆ. “ಚೀಟಿ ಮ್ಯಾಲೆ ಎಷ್ಟು ದಿನ ಕೊಡ್ತೀರಿ ತಂಗಿ? ಸೇಲ್ಸ್ ಟ್ಯಾಕ್ಸ್‌ನೋರು ಬಂದ್ರೆ ನಾನು ಏನು ತೋರ್ಸಾಕೆ ಆಗ್ತೈತೆ?” ಎಂದಿದ್ದರು. ಅತ್ತಿಗೆಯ ಹೆಸರಿನಲ್ಲಿ ಪುಸ್ತಕ ಮಾಡಿಸಿದೆವು. ವರ್ಷದ ವಹಿವಾಟು ಒಂದು ಮಿತಿಯೊಳಗಿದ್ದರೆ ಮಾರಾಟ ತೆರಿಗೆಗೆ ನೋಂದಾಯಿಸಬೇಕಿರಲಿಲ್ಲ. ಮಿತಿ ದಾಟಿದರೆ ನೋಂದಣಿ, ಪ್ರತಿ ಮಾರಾಟದ ಮೇಲೆ ತೆರಿಗೆ, ಕಾಲಕಾಲಕ್ಕೆ ಲೆಕ್ಕದ ನಮೂನೆ, ತಪಾಸಣೆ ಎಲ್ಲವೂ. ಎರಡನೆಯ ವರ್ಷದ ಮಧ್ಯದಲ್ಲಿ ಕೂಡಿ ನೋಡಿದೆ. ಆ ವೇಗದಲ್ಲಿ ಹೋದರೆ ಮಾರ್ಚಿಗೆ ಮೊದಲೇ ಮಿತಿ ದಾಟುತ್ತಿತ್ತು.

ಹೊನ್ನಾಳಿಯವರಿಗೆ ಹೇಳಿದೆ. ಅವರಿಗೆ ಅದು ದೊಡ್ಡ ವಿಷಯವೇ ಅಲ್ಲ.

“ಎರಡು ಹೆಸರು ಮಾಡ್ರಿ. ಅರ್ಧ ಅದ್ರಾಗೆ, ಅರ್ಧ ಇದ್ರಾಗೆ. ಅಣ್ಣಂದೊಂದು ತಮ್ಮಂದೊಂದು ಬಿಲ್ಲು ಇಲ್ದಿರೋ ಅಂಗಡಿ ಈ ಬಜಾರದಾಗೆ ಯಾವುದೈತೆ, ತೋರ್ಸ್ರಿ ನೋಡಾಣ.”

ಯಾರ ಹೆಸರು? ಅಣ್ಣ ಸರ್ಕಾರಿ ನೌಕರ, ಅವನ ಹೆಸರು ಕೂಡದು. ಹೆಂಡತಿ ವ್ಯಾಪಾರ ಮಾಡುವುದನ್ನು ಇಲಾಖೆಗೆ ತಿಳಿಸಬೇಕೆಂಬ ನಿಯಮವಿತ್ತು. ಅದನ್ನೂ ಅವನು ತಿಳಿಸಿರಲಿಲ್ಲ. ಇನ್ನು ಉಳಿದವಳು ನಾನು. ಬ್ಯಾಂಕಿನ ನೌಕರಿ ಸಿಕ್ಕರೆ ಇಂಥದ್ದನ್ನೆಲ್ಲ ವಿಚಾರಿಸುತ್ತಾರೆಂದು ಅತ್ತಿಗೆಗೆ ಹೇಳಿದೆ. ವಿಚಾರಿಸುತ್ತಾರೋ ಇಲ್ಲವೋ ನನಗೆ ತಿಳಿದಿರಲಿಲ್ಲ, ತಿಳಿದುಕೊಳ್ಳಲೂ ಹೋಗಲಿಲ್ಲ. ನನ್ನ ಹೆಸರು ಕೊಳೆಯಾಗಬಾರದಿತ್ತು, ಅಷ್ಟೇ. ಹಾಗೆ ಹೆಸರುಗಳನ್ನು ಒಂದೊಂದಾಗಿ ತೆಗೆಯುತ್ತ ಹೋದಾಗ ಉಳಿದದ್ದು ಹಿತ್ತಲಿನಲ್ಲಿ ಒನಕೆ ಹಿಡಿದು ನಿಂತಿದ್ದ ಹೆಂಗಸು.

ಕೇಳಲು ಹೋದಾಗ ಆಕೆ ಗುರೆಳ್ಳು ಕುಟ್ಟುತ್ತಿದ್ದಳು.

“ಬೂಬಮ್ಮ, ನಿಮ್ಮ ಪೂರ್ತಿ ಹೆಸರೇನು?”

ಎರಡು ವರ್ಷದಲ್ಲಿ ಅದನ್ನು ಕೇಳಿದ್ದು ಅದೇ ಮೊದಲು. ಆಕೆ ಹೇಳಿದಳು. ನಾನು ಕಾಗುಣಿತ ಕೇಳಿಕೊಂಡು ಬರೆದೆ. ಬಿಲ್ಲುಗಳನ್ನು ಎರಡು ಹೆಸರಿನಲ್ಲಿ ಮಾಡುತ್ತೇವೆ, ಒಂದು ನಿಮ್ಮದು ಎಂದೆ.

“ನನ್ ಹೆಸರಾಗಾ? ಏನಾದ್ರೂ ತ್ರಾಸು ಐತೇನು ಬೇಟಿ?”

“ಏನೂ ಇಲ್ಲ.”

“ಓದಿದಾಕೆ ನೀನು. ನೀನು ಇಲ್ಲ ಅಂದ್ರೆ ಇಲ್ಲ.”

ಒಪ್ಪಿಗೆ ಪತ್ರವೊಂದನ್ನು ಬರೆದುಕೊಂಡು ಹೋಗಿದ್ದೆ. ಹೆಬ್ಬೆಟ್ಟು ಒತ್ತಿಸಲು ಶಾಯಿಯ ಪೆಟ್ಟಿಗೆಯನ್ನೂ ಒಯ್ದಿದ್ದೆ. ಆಕೆ ಅದನ್ನು ಪಕ್ಕಕ್ಕೆ ಸರಿಸಿ, ಕೈಯನ್ನು ಸೆರಗಿಗೆ ಒರೆಸಿಕೊಂಡು, ನನ್ನ ಪೆನ್ನು ತೆಗೆದುಕೊಂಡಳು. ಬಲದಿಂದ ಎಡಕ್ಕೆ, ನಿಧಾನವಾಗಿ, ಉರ್ದುವಿನಲ್ಲಿ ಸಹಿ ಮಾಡಿದಳು. ಪತ್ರದಲ್ಲಿ ಏನಿದೆ ಎಂದು ಕೇಳಲಿಲ್ಲ. ನಾನು ಓದಿ ಹೇಳಲೂ ಇಲ್ಲ.

ಅಂದಿನಿಂದ ಹೊನ್ನಾಳಿ, ನ್ಯಾಮತಿಯ ಬಿಲ್ಲುಗಳು ಅತ್ತಿಗೆಯ ಹೆಸರಿನಲ್ಲಿ, ಚನ್ನಗಿರಿ, ಜಗಳೂರಿನವು ಬೂಬಮ್ಮನ ಹೆಸರಿನಲ್ಲಿ ಹೋದವು. ಖಾತೆ ಪುಸ್ತಕಗಳೂ ಎರಡಾದವು. ಶನಿವಾರದ ಕೂಲಿ ಚೀಟಿಗಳಿಗೂ ಆಗಿನಿಂದ ಬೂಬಮ್ಮನ ಸಹಿ ಪಡೆಯತೊಡಗಿದೆ. ನನ್ನ ಲೆಕ್ಕದ ವರ್ಷ ಮಾರ್ಚಿಗೆ ಮುಗಿಯುತ್ತಿದ್ದರೂ, ದೀಪಾವಳಿಯ ಅಮಾವಾಸ್ಯೆಗೆ ಲಕ್ಷ್ಮಿಯ ಮುಂದೆ ಪುಸ್ತಕ ಇಡುವುದು ನಮ್ಮ ಮನೆಯ ಪದ್ಧತಿ. ಎರಡೂ ಪುಸ್ತಕಗಳ ನಾಲ್ಕು ಮೂಲೆಗೆ ಅರಿಶಿನ ಕುಂಕುಮ ಹಚ್ಚಿ, ಹಾಳೆಯ ನೆತ್ತಿಯಲ್ಲಿ ‘ಶ್ರೀ’ ಬರೆದೆ. ಯೋಚಿಸಿ ಮಾಡಿದ್ದಲ್ಲ. ಸ್ಲೇಟು ಹಿಡಿದ ಕಾಲದಿಂದ ನನ್ನ ಕೈ ಹೊಸ ಹಾಳೆಗೆ ಮೊದಲು ಬರೆಯುವುದು ಅದನ್ನೇ.

ಮರುದಿನ ಬೂಬಮ್ಮ ಪುಸ್ತಕಗಳನ್ನು ನೋಡಿ, “ಇದ್ರಾಗೆ ನಂದು ಯಾವುದು?” ಎಂದಳು. ತೋರಿಸಿದೆ.

“ಅಯ್ಯೋ ಅಲ್ಲಾ, ನನ್ ಅಂಗಡಿ ಪುಸ್ತಕಕ್ಕೆ ಕುಂಕುಮ ಹಚ್ಚೀರಲ್ರಿ!”

ಅತ್ತಿಗೆ, “ಇರ್ಲಿ ಬೂಬಮ್ಮ, ನಮ್ ಲಕ್ಷ್ಮಿ ನಿನ್ ವ್ಯಾಪಾರಾನೂ ನೋಡ್ಕಂಬ್ತಾಳೆ” ಎಂದಳು.

“ನೋಡ್ಕಳ್ಳಿ ನೋಡ್ಕಳ್ಳಿ. ಇಷ್ಟು ದಿನ ಎಲ್ಲಿದ್ಲಂತೆ ಕೇಳ್ರಿ” ಎಂದು ಬೂಬಮ್ಮ ಒರಳಿನ ಕಡೆ ಹೋದಳು.

ಮಾರ್ಚ್ ಬಂತು, ಹೋಯಿತು. ಎರಡೂ ಪುಸ್ತಕಗಳ ಮೊತ್ತ ಬೇರೆಬೇರೆಯಾಗಿ ಮಿತಿಯೊಳಗೆ ಅಚ್ಚುಕಟ್ಟಾಗಿ ಕೂತಿತು. ಸಾರಿನ ಪುಡಿ ಮಾಡುವ ಯಂತ್ರವೊಂದನ್ನು ಕೊಳ್ಳಲು ಅತ್ತಿಗೆ ಅಂಚೆ ಕಚೇರಿಯಲ್ಲಿ ದುಡ್ಡು ಕೂಡಿಡತೊಡಗಿದಳು.

ಬೂಬಮ್ಮನಿಗೆ ಸರ್ಕಾರದಿಂದ ವಿಧವಾ ವೇತನ ಬರುತ್ತಿತ್ತು. ತಿಂಗಳಿಗೊಮ್ಮೆ ಮನಿಯಾರ್ಡರ್. ದೊಡ್ಡ ಮೊತ್ತವಲ್ಲ, ಆಕೆಯ ಒಂದು ಕೋಣೆಯ ಬಾಡಿಗೆಗೆ ಸರಿಯಾಗಿ ಆಗುತ್ತಿತ್ತು. ಹಗಲೆಲ್ಲ ನಮ್ಮ ಮನೆಯಲ್ಲೇ ಇರುತ್ತಿದ್ದುದರಿಂದ ಪೋಸ್ಟಿನವನು ಅದನ್ನು ನಮ್ಮ ಹಿತ್ತಲಿಗೇ ತಂದುಕೊಡುತ್ತಿದ್ದ. ಆ ವರ್ಷ ಮಳೆಗಾಲ ಹಿಡಿದ ಮೇಲೆ ಒಂದು ತಿಂಗಳು ಅದು ಬರಲಿಲ್ಲ. ಎರಡನೆಯ ತಿಂಗಳೂ ಬರಲಿಲ್ಲ. ಮೂರನೆಯ ತಿಂಗಳು ಬೂಬಮ್ಮ ಒಬ್ಬಳೇ ತಾಲ್ಲೂಕು ಕಚೇರಿಗೆ ಹೋಗಿ ಬಂದಳು.

“ಏನೋ ತಪ್ಪಾಗೈತೆ ಬೇಟಿ. ನಂದು ವ್ಯಾಪಾರ ಐತಂತೆ. ಅದಕ್ಕೆ ನಿಲ್ಸ್ಯಾರಂತೆ. ನಂದೆಲ್ಲಿ ವ್ಯಾಪಾರ? ಬ್ಯಾರೆ ಯಾರದೋ ನಂದು ಅಂದ್ಕಂಡಾರೆ. ನೀನೊಂದು ಅರ್ಜಿ ಬರೆದುಕೊಡು.”

ನನಗೆ ತಕ್ಷಣ ತಿಳಿಯಿತು. ಆದರೂ ಬರೆದದ್ದು ಅರ್ಜಿಯನ್ನೇ: ‘ಅರ್ಜಿದಾರಳು ಕಡುಬಡವೆಯಾಗಿದ್ದು ಕೂಲಿಯಿಂದ ಜೀವಿಸುತ್ತಿದ್ದು’ ಎಂದು ಒಳ್ಳೆಯ ಕನ್ನಡದಲ್ಲಿ. ಕೂಲಿಯವರಿಗೆ ಆ ವೇತನ ಪಡೆಯಲು ಅಡ್ಡಿ ಇರಲಿಲ್ಲ, ಆದಾಯ ಹೆಚ್ಚಿರಬಾರದು ಅಷ್ಟೇ. ಬಿಲ್ ಪುಸ್ತಕದ ಮಾತನ್ನು ಅರ್ಜಿಯಲ್ಲಿ ಎತ್ತಲಿಲ್ಲ. ಇಬ್ಬರೂ ತಾಲ್ಲೂಕು ಕಚೇರಿಗೆ ಹೋದೆವು.

ವೇತನದ ಕಡತ ನೋಡುತ್ತಿದ್ದ ಗುಮಾಸ್ತರು ಅರ್ಜಿಯನ್ನು ಪೂರ್ತಿ ಓದಿದರು. ಕಡತ ಬಿಚ್ಚಿ ಒಂದು ಬಿಲ್ಲನ್ನು ಮೇಜಿನ ಮೇಲಿಟ್ಟರು. ನನ್ನ ಅಕ್ಷರ.

“ವರ್ಷಕ್ಕೊಮ್ಮೆ ನಾವು ವಿಚಾರಣೆ ಮಾಡ್ಬೇಕು. ಆದ್ರೆ ಇದುನ್ನ ಹುಡುಕ್ಕಂಡು ಹೋಗಿದ್ದಲ್ಲ ನಾನು. ಮನೆಗೆ ಸಾರಿನ ಪುಡಿ ತರಾಕೆ ಹೋಗಿದ್ದೆ. ಅಂಗಡ್ಯಾಗೆ ತಂತಿಗೆ ಚುಚ್ಚಿದ್ದ ಬಿಲ್ಲಿನಾಗೆ ನಮ್ ಪಟ್ಟಿ ಹೆಸರು ಕಾಣ್ತು.” ನನ್ನನ್ನು ನೋಡಿದರು. “ಬಿಲ್ಲು ಸುಳ್ಳೋ, ಅರ್ಜಿ ಸುಳ್ಳೋ? ಎರಡ್ರಾಗೆ ಒಂದು ಹೇಳ್ರಮ್ಮ, ಬರಕಂಬ್ತೀನಿ.”

ಬೂಬಮ್ಮ ನನ್ನ ಪಕ್ಕದಲ್ಲೇ ನಿಂತಿದ್ದಳು. “ವಿಚಾರ ಮಾಡಿ ಬರ್ತೀವಿ” ಎಂದು ನಾನು ಅರ್ಜಿ ವಾಪಸು ತೆಗೆದುಕೊಂಡೆ.

ದಾರಿಯಲ್ಲಿ ಆಕೆ ಕೇಳಿದಳು: “ಅವತ್ತು ನನ್ ಹೆಸರು ಕೇಳಿದ್ಯಲ್ಲ, ಅದಾ ಇದು?”

“ಹೌದು.”

“ಹಂಗಾದ್ರೆ ತೆಗಿ” ಎಂದಳು. ಒಲೆಯ ಮೇಲಿಂದ ಹಾಲು ಇಳಿಸು ಎಂದ ಹಾಗೆ.

ತೆಗೆಯುವುದೆಂದರೆ ಏನೆಂದು ಕೂತು ಲೆಕ್ಕ ಹಾಕಿದೆ. ಬಿಲ್ಲು ಸುಳ್ಳು ಎಂದು ತಾಲ್ಲೂಕು ಕಚೇರಿಗೆ ಬರೆದುಕೊಟ್ಟರೆ, ಎರಡು ಪುಸ್ತಕ ಒಂದೇ ಎಂದಾಯಿತು. ಒಂದೇ ಎಂದಾದರೆ ವಹಿವಾಟು ಹಿಂದಿನ ವರ್ಷವೇ ಮಿತಿ ದಾಟಿತ್ತು. ಅಂಗಡಿಗಳಿಂದ ವಸೂಲು ಮಾಡದ ತೆರಿಗೆಯನ್ನು ನಾವೇ ಕಟ್ಟಬೇಕು, ಮೇಲೆ ದಂಡ. ಅತ್ತಿಗೆಯ ಯಂತ್ರದ ದುಡ್ಡು ಅಷ್ಟೂ ಹೋಗುತ್ತಿತ್ತು. ಅಣ್ಣನ ಹೆಸರು ಬಂದರೆ ನೌಕರಿಯ ಮಾತು.

ಅತ್ತಿಗೆ ಮೊದಲು ಅತ್ತಳು. ಆಮೇಲೆ ದಾರಿಯೊಂದನ್ನು ಕಂಡುಕೊಂಡಳು. “ಆ ಬಾಡಿಗೆ ದುಡ್ಡು ತಿಂಗ್ಳಾ ತಿಂಗ್ಳಾ ನಾವೇ ಕೊಟ್ಬಿಡಾಣ ಕಣೆ. ಆಕಿಗೂ ನಷ್ಟ ಇಲ್ಲ, ನಮಗೂ ಯಾರೂ ಕೇಳಂಗಿಲ್ಲ.”

ಆ ಮಾತು ಕೇಳಿ ನನಗಾದ ನೆಮ್ಮದಿಯನ್ನು ಮರೆತಿಲ್ಲ. ಲೆಕ್ಕಕ್ಕೆ ಸರಿಯಿತ್ತು: ತೆರಿಗೆ, ದಂಡಗಳ ಮುಂದೆ ಆ ಬಾಡಿಗೆ ಏನೂ ಅಲ್ಲ. ಬೂಬಮ್ಮನಿಗೆ ಹೇಳಲು ನಾನೇ ಹೋದೆ.

ಆಕೆ ಒನಕೆಯನ್ನು ಗೋಡೆಗೆ ಒರಗಿಸಿದಳು.

“ನೀವು ಕೊಡೋದು ನೀವು ಇರೋತನ. ನಾಳೆ ನೀನು ಮದ್ವೆಯಾಗಿ ಹೋಗ್ತೀಯ. ನೌಕ್ರಿ ಸಿಕ್ರೂ ಹೋಗ್ತೀಯ. ಪೋಸ್ಟಿನೋನು ಹೋಗಂಗಿಲ್ಲ.” ಸೆರಗು ಸರಿಮಾಡಿಕೊಂಡು, “ನನ್ ಹೆಸರಿಗೆ ಅಂತ ಊರಾಗೆ ಬರೋ ಕಾಗದ ಅದೊಂದೇ ಬೇಟಿ” ಎಂದಳು.

ಬೈಗುಳದ ದನಿಯಲ್ಲ. ಆಕೆ ಮತ್ತೆ ಒನಕೆ ಎತ್ತಿಕೊಂಡಳು. ನಾನು ಒಳಗೆ ಬಂದು ಎರಡೂ ಖಾತೆ ಪುಸ್ತಕಗಳನ್ನು ಬಿಚ್ಚಿ, ಒಂದರ ಮಗ್ಗುಲಿಗೆ ಇನ್ನೊಂದಿಟ್ಟು, ತಿಂಗಳ ಪ್ರಕಾರ ಕೂಡಿಸಲು ಕೂತೆ. ಇದನ್ನು ನಿರ್ಧಾರ ಎನ್ನುವುದಾದರೆ ಅದು ಆಗಿದ್ದು ಆಗ. ಅತ್ತಿಗೆ ಬಾಗಿಲಲ್ಲಿ ನಿಂತು ನೋಡಿದಳು. ಆ ದಿನ ನನ್ನೊಡನೆ ಮಾತಾಡಲಿಲ್ಲ.

ಅಣ್ಣನಿಗೆ ಮೊದಲು ಹೇಳಬೇಕಿತ್ತು. ಕಾಗದದಲ್ಲಿ ಬರೆಯುವ ವಿಷಯವಲ್ಲ. ಬೆಳಗಿನ ಬಸ್ಸು ಹಿಡಿದೆ. ಸೂಳೆಕೆರೆಯಲ್ಲಿ ನೀರು ತುಂಬಿತ್ತು. ಕಿಟಕಿಯ ಪಕ್ಕದಲ್ಲಿ ಕೂತು ಅಣ್ಣನಿಗೆ ಹೇಳಬೇಕಾದ ಮೊದಲ ವಾಕ್ಯವನ್ನು ತಿದ್ದುತ್ತಲೇ ಇದ್ದೆ. ದಾವಣಗೆರೆಯಲ್ಲಿ ಬಸ್ಸು ಬದಲಿಸಿ, ಜಗಳೂರಿನಲ್ಲಿ ಇನ್ನೊಮ್ಮೆ ಬದಲಿಸಿ ಸೊಕ್ಕೆ ತಲುಪಿದಾಗ ಶಾಲೆ ಬಿಡುವ ಹೊತ್ತು. ಅಣ್ಣ ಬೇವಿನ ಮರದ ಕೆಳಗೆ ನಿಂತು ಪೂರ್ತಿ ಕೇಳಿದ.

“ನನ್ ಒಂದು ಮಾತು ಕೇಳಾಕೆ ಏನಾಗಿತ್ತು ನಿಮಗೆ?”

ಅಣ್ಣ ಶಾಲೆಯ ಕಡೆ ಒಮ್ಮೆ ತಿರುಗಿ ನೋಡಿದ.

“ಜಗಳೂರಿಗೆ ಚೀಲ ನಾನು ಹೊತ್ತು ಇಳಿಸ್ತಿದ್ದೆ ಅಂತಾನೂ ಬರೀತೀಯಾ?”

“ಎಲ್ಲ ಬರೆಯಬೇಕು ಅಂತ ಇದ್ದೆ.”

“ಅದೊಂದು ಬ್ಯಾಡ. ನೋಡು, ಕೈ ಮುಗೀತೀನಿ.” ನಿಜವಾಗಿಯೂ ಕೈ ಜೋಡಿಸಿದ. ನನಗಿಂತ ಹತ್ತು ವರ್ಷ ದೊಡ್ಡವನು, ನನ್ನನ್ನು ಓದಿಸಿದವನು. “ವ್ಯಾಪಾರದ ವಿಷಯ ಇಲಾಖೆಗೆ ನಾನೇ ತಿಳಿಸ್ತೀನಿ. ಚೀಲದ ಮಾತು ಬ್ಯಾಡ.”

ನನ್ನ ಹೇಳಿಕೆಯಲ್ಲಿ ‘ಜಗಳೂರಿಗೆ ಸರಕನ್ನು ಬಸ್ಸಿನ ಪಾರ್ಸೆಲ್ ಮೂಲಕ ಕಳಿಸಲಾಗುತ್ತಿತ್ತು’ ಎಂಬ ಒಂದು ಸಾಲಿದೆ. ಉಳಿದದ್ದೆಲ್ಲ ಸತ್ಯ. ಆ ಸಾಲು ಇಂದಿಗೂ ಹಾಗೆಯೇ ಇದೆ.

ಮುಂದಿನ ವಾರ ಅತ್ತಿಗೆ, ನಾನು ಸೇಲ್ಸ್ ಟ್ಯಾಕ್ಸ್ ಕಚೇರಿಗೆ ಹೋದೆವು. ಎರಡು ಖಾತೆ, ಉಳಿದ ಬಿಲ್ ಪುಸ್ತಕಗಳು, ಕೂಡಿಸಿದ ತಖ್ತೆ, ನನ್ನ ಸಹಿಯ ಹೇಳಿಕೆ ಚೀಲದಲ್ಲಿದ್ದವು. ಅಧಿಕಾರಿ ನಡುವಯಸ್ಸಿನವರು, ಮಾತು ಕಡಿಮೆ. ನೋಟೀಸು ಕೊಡದೆಯೇ ಬಂದು ತೆರಿಗೆ ಕಟ್ಟುತ್ತೇವೆನ್ನುವವರನ್ನು ಕಂಡು ಅವರಿಗೆ ಅನುಮಾನ ಬಂದಂತಿತ್ತು.

“ಪೆನ್ಶನ್ ನಿಂತದ್ದಕ್ಕೆ ಬಂದೀರಿ” ಎಂದರು ಹೇಳಿಕೆ ಓದಿ. “ಆಕೆದು ನಿಜವಾಗ್ಲೂ ಬೇರೆ ವ್ಯಾಪಾರ ಇದ್ದು, ಈಗ ಪೆನ್ಶನ್ ಸಲುವಾಗಿ ನೀವು ನಮ್ಮದು ಅಂತಿದ್ದೀರೋ ಏನೋ. ಕೂಡಿ ವ್ಯಾಪಾರ ಮಾಡಿದ್ರೆ ತೆರಿಗೆ ಇಬ್ಬರ ಮೇಲೂ ಬರುತ್ತೆ. ಆಕೆದಲ್ಲ ಅನ್ನೋಕೆ ಏನು ಸಾಕ್ಷಿ?”

ನಾನು ಕೂಲಿಯ ಚೀಟಿಗಳನ್ನು ತೋರಿಸಿದೆ. ಅವುಗಳನ್ನು ಬರೆದವಳೂ ನಾನೇ. ಒಂದೇ ಅಕ್ಷರ ಎಂದೆ. “ಲೆಕ್ಕ ಬರೆಯೋರು ಹತ್ತು ಅಂಗಡೀದು ಬರೀತಾರೆ” ಎಂದರು. ಅದೂ ನಿಜ. ಇಷ್ಟು ಚೊಕ್ಕವಾಗಿ ಸುಳ್ಳು ಬರೆದಿದ್ದೆನಲ್ಲ, ಅದನ್ನು ಸುಳ್ಳೆಂದು ತೋರಿಸಲು ನನಗೇ ಆಗುತ್ತಿರಲಿಲ್ಲ.

ಅವರು ಬೂಬಮ್ಮನ ಹೆಸರಿನ ಖಾತೆಯನ್ನು ಎಳೆದುಕೊಂಡು ಹಾಳೆ ತಿರುವಿದರು. ದೀಪಾವಳಿಯ ಹಾಳೆಗೆ ಬಂದು ನಿಂತರು. ಮೂಲೆಯಲ್ಲಿ ಬಣ್ಣ ಕಳೆದುಕೊಂಡ ಅರಿಶಿನ, ಕುಂಕುಮದ ಬೊಟ್ಟು, ನೆತ್ತಿಯಲ್ಲಿ ‘ಶ್ರೀ’. ಹಿಂದಿನ, ಮುಂದಿನ ಹಾಳೆ ನೋಡಿದರು. ಪ್ರತಿ ತಿಂಗಳ ಮೊದಲ ಹಾಳೆಯ ಮೇಲೂ ‘ಶ್ರೀ’. ಹೆಸರನ್ನು ಮತ್ತೊಮ್ಮೆ ಓದಿದರು.

“ಇದನ್ನ ಯಾರ ಮನೇಲಿ ಪೂಜೆ ಮಾಡಿದ್ರಿ?”

“ನಮ್ಮ ಮನೆಯಲ್ಲಿ.”

“ಆಕೆ ಏನೂ ಅನ್ನಲಿಲ್ವಾ?”

ಅತ್ತಿಗೆ ಬಾಯಿಬಿಟ್ಟಳು: “ನಕ್ಕಳು ಸಾರ್.”

ಅವರು ಪುಸ್ತಕ ಮುಚ್ಚಿ ನನ್ನನ್ನು ಕೇಳಿದರು: “ಏನು ಓದಿದ್ದೀರಿ?”

“ಬಿ.ಕಾಂ.”

ಅವರು ಪೆನ್ನು ತೆಗೆದುಕೊಂಡರು. ಎರಡೂ ಖಾತೆ ಒಂದೇ ವ್ಯಾಪಾರದ್ದೆಂದು ಟಿಪ್ಪಣಿ ಬರೆದರು. ತೆರಿಗೆ ಕಟ್ಟಿದೆವು, ದಂಡ ಕಟ್ಟಿದೆವು, ನೋಂದಣಿಯ ಅರ್ಜಿ ಕೊಟ್ಟೆವು. ಅಂಚೆ ಕಚೇರಿಯ ಪುಸ್ತಕದಲ್ಲಿ ಅತ್ತಿಗೆಗೆ ಏನೂ ಉಳಿಯಲಿಲ್ಲ. ಕಚೇರಿಯಿಂದ ಮರಳುವ ಬಸ್ಸಿನಲ್ಲಿ ಆಕೆ, “ನಿನ್ ಕೈಗೆ ಶ್ರೀ ಬರಿಯೋ ಅಭ್ಯಾಸ ಇದ್ದಿದ್ದೇ ಒಳ್ಳೇದಾಯ್ತು ಬಿಡು” ಎಂದಳು. ನನ್ನೊಡನೆ ಎಂದಿನಂತೆ ಮಾತಾಡಿದ್ದು ಎಷ್ಟೋ ದಿನದ ಮೇಲೆ. ನನಗೆ ಸಮಾಧಾನವಾಗಲಿಲ್ಲ. ಯೋಚಿಸಿ ಮಾಡಿದ್ದನ್ನೆಲ್ಲ ತಪ್ಪಾಗಿ ಮಾಡಿದ್ದೆ. ಸರಿ ಹೋದದ್ದು ಯೋಚಿಸದೆ ಮಾಡಿದ್ದು ಒಂದೇ.

ಇನ್ನು ತಾಲ್ಲೂಕು ಕಚೇರಿ. ತೆರಿಗೆಯ ಆದೇಶದ ನಕಲಿನ ಜೊತೆಗೆ ಬೂಬಮ್ಮನ ಹೇಳಿಕೆಯೂ ಬೇಕೆಂದರು ಗುಮಾಸ್ತರು. ‘ನನಗೆ ತಿಳಿಯದಂತೆ ನನ್ನ ಹೆಸರನ್ನು ಬಳಸಿಕೊಂಡಿರುತ್ತಾರೆ’ ಎಂದು ಬರೆದರೆ ಆಕೆಗೆ ಯಾವ ತೊಡಕೂ ಬರುವುದಿಲ್ಲವೆಂದು ಅವರೇ ಸೂಚಿಸಿದರು. ಕಚೇರಿಯ ಜಗಲಿಯಲ್ಲಿ ಕೂತು ಬರೆದು, ಸಹಿಗೆ ಪೆನ್ನು ಚಾಚಿದೆ.

ಬೂಬಮ್ಮ ಪೆನ್ನು ಮುಟ್ಟಲಿಲ್ಲ. “ಓದು” ಎಂದಳು.

ಜಗಲಿಯಲ್ಲಿ ಜನರಿದ್ದರು. ಪಹಣಿಗೆ ಬಂದ ರೈತರು, ಸ್ಟಾಂಪು ಮಾರುವವರು, ಅರ್ಜಿ ಬರೆಯುವವರು. ನಾನು ಮೆಲ್ಲಗೆ ಓದಿದೆ.

“ಕೇಳಂಗೆ ಓದು.”

ಕೇಳುವ ಹಾಗೆ ಓದಿದೆ. ‘ತಿಳಿಯದಂತೆ’ ಎಂಬಲ್ಲಿಗೆ ಬಂದಾಗ ಕೈ ಅಡ್ಡ ಹಿಡಿದಳು.

“ತಿಳೀದಂಗೆ ಹೆಂಗೆ? ನೀನು ಬಂದು ಕೇಳಿದೆ. ನಾನು ಹ್ಞೂಂ ಅಂದೆ. ಸಹಿ ಹಾಕ್ದೆ. ಸುಳ್ಳು ಬರೀಬ್ಯಾಡ.”

“ಹಾಗೆ ಬರೆದರೆ ನಿಮ್ಮ ಮೇಲೂ ತಪ್ಪು ಬರಬಹುದು. ಹೀಗಿದ್ದರೆ ಸುಲಭ.”

“ಅವತ್ತೂ ಹಂಗೇ ಅಂದಿದ್ದೆ.”

ಸ್ಟಾಂಪು ಮಾರುವವರು ತಲೆ ತಗ್ಗಿಸಿ ಪೆಟ್ಟಿಗೆಯಲ್ಲಿ ಏನೋ ಹುಡುಕತೊಡಗಿದರು. ನಾನು ಕಾಗದ ಹರಿದು ಹೊಸದನ್ನು ತೆಗೆದುಕೊಂಡೆ. ಇದು ಬೂಬಮ್ಮನ ಹೇಳಿಕೆ ಎಂದುಕೊಂಡರೂ ಕೈ ಮೊದಲು ‘ಶ್ರೀ’ ಬರೆಯಲು ಹಾಳೆಯ ನೆತ್ತಿಗೇ ಹೋಯಿತು. ತಡೆದೆ. ಆಕೆ ಹೇಳಿದಂತೆ ಬರೆದೆ: ಇಂಥವರು ಬಂದು ಕೇಳಿದರು, ತೊಂದರೆ ಇದೆಯೇ ಎಂದು ನಾನು ಕೇಳಿದೆ, ಇಲ್ಲ ಎಂದರು, ನಂಬಿ ಸಹಿ ಮಾಡಿದೆ, ಓದಿ ಹೇಳಲಿಲ್ಲ. ಅದರ ಕೆಳಗೆ ನನ್ನದೊಂದು ಸಾಲು: ಮೇಲಿನದು ನಿಜ, ಓದಿ ಹೇಳದೆ ಸಹಿ ಪಡೆದವಳು ನಾನು. ನನ್ನ ಪೂರ್ತಿ ಹೆಸರು, ಓದು, ವಿಳಾಸ. ಎಲ್ಲವನ್ನೂ ಗಟ್ಟಿಯಾಗಿ ಓದಿದೆ. ಅಷ್ಟು ಜನರ ನಡುವೆ ನಾನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

ಬೂಬಮ್ಮ ಬಲದಿಂದ ಎಡಕ್ಕೆ ಸಹಿ ಮಾಡಿದಳು.

ಗುಮಾಸ್ತರು ಓದಿ, “ನಾನು ಹೇಳಿದಂಗೆ ಬರ್ದಿದ್ರೆ ಬೇಗ ಆಗ್ತಿತ್ತು” ಎಂದರು. ನಿಜಕ್ಕೂ ತಡವಾಯಿತು. ಮೇಲಿನವರು ಒಮ್ಮೆ ವಿವರಣೆ ಕೇಳಿ, ಕಡತ ಹಿಂದಕ್ಕೆ ಬಂತು, ಮತ್ತೆ ಹೋಯಿತು. ಮಾಗಿಯಲ್ಲಿ ಮನಿಯಾರ್ಡರ್ ಮತ್ತೆ ಶುರುವಾಯಿತು. ನಿಂತಿದ್ದ ತಿಂಗಳುಗಳದ್ದು ಬರಲೇ ಇಲ್ಲ. ಅಷ್ಟೂ ತಿಂಗಳ ಬಾಡಿಗೆಯನ್ನು ಅತ್ತಿಗೆ ಕೊಡಹೋದಾಗ ಬೂಬಮ್ಮ ಬೇಡವೆನ್ನಲಿಲ್ಲ. ಸುಮ್ಮನೆ ತೆಗೆದುಕೊಂಡು ಎಣಿಸಿ, ಸೆರಗಿಗೆ ಕಟ್ಟಿಕೊಂಡಳು. ಬೇಡ ಎಂದಿದ್ದರೆ ನನಗೆ ಇನ್ನೂ ಕಷ್ಟವಾಗುತ್ತಿತ್ತು.

ಅಣ್ಣ ಇಲಾಖೆಗೆ ತಿಳಿಸಿದ. ಅವನಿಗೆ ಎಚ್ಚರಿಕೆಯ ಪತ್ರವೊಂದು ಬಂತು, ಅಷ್ಟಕ್ಕೇ ಮುಗಿಯಿತು. ಚೀಲ ಹೊರುವುದನ್ನು ಬಿಟ್ಟ. ಈಗ ಸರಕು ನಿಜವಾಗಿಯೂ ಬಸ್ಸಿನ ಪಾರ್ಸೆಲ್‌ನಲ್ಲೇ ಹೋಗುತ್ತದೆ. ಬಿಲ್ಲಿನ ಮೇಲೆ ನೋಂದಣಿ ಸಂಖ್ಯೆ ಇದೆ. ತೆರಿಗೆ ಸೇರಿಸಿದ್ದಕ್ಕೆ ಹೊನ್ನಾಳಿಯ ಅಂಗಡಿಯವರು ಮೂರು ತಿಂಗಳು ಸರಕು ತೆಗೆದುಕೊಳ್ಳಲಿಲ್ಲ, ಆಮೇಲೆ ತಾವೇ ಹೇಳಿ ಕಳಿಸಿದರು. ಯಂತ್ರ ಇನ್ನೂ ಬಂದಿಲ್ಲ. ಎರಡನೆಯ ಬಿಲ್ ಪುಸ್ತಕದ ಉಳಿದ ಹಾಳೆಗಳನ್ನು ಅಡ್ಡಗೆರೆ ಹೊಡೆದು ರದ್ದು ಮಾಡಿ ಫೈಲಿನಲ್ಲಿ ಇಟ್ಟಿದ್ದೇನೆ.

ಶನಿವಾರ ಕೂಲಿಯ ದಿನ. ಮುಂಚೆ ಬೂಬಮ್ಮ ಚೀಟಿಯನ್ನು ನೋಡುತ್ತಲೂ ಇರಲಿಲ್ಲ, ನಾನು ಬೆರಳಿಟ್ಟು ತೋರಿಸಿದಲ್ಲಿ ಸಹಿ ಮಾಡಿ ಎದ್ದು ಹೋಗುತ್ತಿದ್ದಳು. ಆಗಿನಿಂದ ಹಾಗಿಲ್ಲ. ನಾನು ಚೀಟಿ, ಪೆನ್ನು ಮುಂದಿಟ್ಟರೆ ಕೈ ಮಡಿಲಲ್ಲೇ ಇಟ್ಟುಕೊಂಡು ಕೂರುತ್ತಾಳೆ. ನಡೆದದ್ದರ ಬಗ್ಗೆ ಒಂದು ಮಾತನ್ನೂ ಎತ್ತಿಲ್ಲ. ನನ್ನನ್ನು ಬೇಟಿ ಎನ್ನುವುದನ್ನೂ ಬಿಟ್ಟಿಲ್ಲ.

“ಓದು ಬೇಟಿ” ಎನ್ನುತ್ತಾಳೆ.

ಓದುತ್ತೇನೆ. ಮೊದಲು ಆಕೆಯ ಹೆಸರು, ಪೂರ್ತಿಯಾಗಿ. ಆಮೇಲೆ ದಿನ, ಕೂಲಿ. ಆಕೆ ತಲೆ ಬಾಗಿಸಿಕೊಂಡು ಕೊನೆಯತನಕ ಕೇಳಿ, ಆಮೇಲೆ ಪೆನ್ನಿಗೆ ಕೈ ಚಾಚುತ್ತಾಳೆ.